ಚಾಮುಂಡೇಶ್ವರಿ, ಬಾದಾಮಿ, ವರುಣಾ: ಸಿದ್ದರಾಮಯ್ಯ ಅವರ ಚುನಾವಣೆಗಳನ್ನು ನಕ್ಷೆಯ ಮೇಲೆ ಓದುವುದು

[ಪರದೆಯ ಮೇಲೆ: ಮೈಸೂರು ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳ ನಕ್ಷೆ]

ನಮಸ್ಕಾರ. ಸಿದ್ದರಾಮಯ್ಯ ಅವರ ರಾಜಕೀಯ ಜೀವನದ ಮಾತು ಬಂದಾಗಲೆಲ್ಲ ಅವರು ಏರಿದ ಹುದ್ದೆಗಳು, ಮಂಡಿಸಿದ ಬಜೆಟ್‌ಗಳು ಮತ್ತು ಬದಲಿಸಿದ ಪಕ್ಷಗಳ ಬಗ್ಗೆ ಚರ್ಚೆ ನಡೆಯುತ್ತದೆ. ಅವರು ಎದುರಿಸಿದ ಚುನಾವಣೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವವರು ಕಡಿಮೆ. 1983ರಿಂದ 2023ರವರೆಗೆ ಅವರು ವಿಧಾನಸಭೆಗೆ ಒಟ್ಟು 12 ಸ್ಪರ್ಧೆಗಳನ್ನು ಎದುರಿಸಿ 9ರಲ್ಲಿ ಗೆದ್ದಿದ್ದಾರೆ, 3ರಲ್ಲಿ ಸೋತಿದ್ದಾರೆ. ಆ ಮೂರೂ ಸೋಲುಗಳು ಬಂದದ್ದು ಚಾಮುಂಡೇಶ್ವರಿ ಎಂಬ ಒಂದೇ ಹೆಸರಿನ ಕ್ಷೇತ್ರದಲ್ಲಿ. ಅವರ ಮೊದಲ ಐದು ಗೆಲುವುಗಳು ಬಂದದ್ದೂ ಅದೇ ಹೆಸರಿನ ಕ್ಷೇತ್ರದಲ್ಲಿ. ಇದಕ್ಕೆ ಕಾರಣವನ್ನು ವ್ಯಕ್ತಿಯ ಜನಪ್ರಿಯತೆಯಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ, ಕ್ಷೇತ್ರದ ಗಡಿಯನ್ನೂ ನೋಡಬೇಕು ಎಂಬುದು ನಮ್ಮ ವಾದ.

ಆರಂಭ ವಿಧಾನಸಭೆಯಿಂದ ಆಗಲಿಲ್ಲ. ಮೈಸೂರಿನಲ್ಲಿ ಕಾನೂನು ಓದಿ ವಕೀಲಿ ವೃತ್ತಿ ಮಾಡುತ್ತಿದ್ದ ಸಿದ್ದರಾಮಯ್ಯ ಅವರು 1978ರಲ್ಲಿ ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಗೆ ಸದಸ್ಯರಾಗಿ ಆಯ್ಕೆಯಾದರು. ಜನ ಅದನ್ನು ತಾಲ್ಲೂಕು ಬೋರ್ಡ್ ಎಂದೇ ಕರೆಯುತ್ತಿದ್ದರು. 1959ರ ಕಾಯ್ದೆಯಡಿ ಬಂದಿದ್ದ ಈ ಮಂಡಳಿಗಳು ಇಂದಿನ ತಾಲ್ಲೂಕು ಪಂಚಾಯಿತಿಗಳಿಗಿಂತ ಭಿನ್ನವಾಗಿದ್ದವು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ವ್ಯವಸ್ಥೆ 1983ರ ಕಾಯ್ದೆಯ ನಂತರ ಬಂದಿತು, ಅದರ ಮೊದಲ ಚುನಾವಣೆ 1987ರಲ್ಲಿ ನಡೆಯಿತು. ಬೋರ್ಡ್‌ನ ಸದಸ್ಯನಿಗೆ ದೊಡ್ಡ ಅಧಿಕಾರವೇನೂ ಇರಲಿಲ್ಲ. ಆದರೆ ರಸ್ತೆ, ಬಾವಿ, ಶಾಲಾ ಕಟ್ಟಡಗಳ ಬೇಡಿಕೆ ಹಿಡಿದು ಬರುವ ಹಳ್ಳಿಯವರ ಮುಖಪರಿಚಯ ಅವನಿಗಾಗುತ್ತಿತ್ತು. ಪಕ್ಷದ ಬೆನ್ನೆಲುಬು ಇಲ್ಲದ ಯುವಕನಿಗೆ ಮುಂದಿನ ಚುನಾವಣೆಗೆ ಬೇಕಾದ ಬಂಡವಾಳ ಅದೇ ಆಗಿತ್ತು.

1983ರ ವಿಧಾನಸಭಾ ಚುನಾವಣೆಯಲ್ಲಿ ಅವರು ಚಾಮುಂಡೇಶ್ವರಿಯಿಂದ ಕಣಕ್ಕಿಳಿದಾಗ ಕಾಂಗ್ರೆಸ್‌ನ ಅಭ್ಯರ್ಥಿಯೂ ಆಗಿರಲಿಲ್ಲ, ಜನತಾ ಪಕ್ಷದ ಅಭ್ಯರ್ಥಿಯೂ ಆಗಿರಲಿಲ್ಲ. ಎರಡು ದೊಡ್ಡ ಪಕ್ಷಗಳ ಹೊರಗೆ ನಿಂತು ಗೆದ್ದ ಆ ಮೊದಲ ಗೆಲುವು ಅವರ ಇಡೀ ಪಯಣದಲ್ಲಿ ಅತ್ಯಂತ ಗಮನಾರ್ಹವಾದದ್ದು ಎಂದು ನಮಗೆ ಅನಿಸುತ್ತದೆ. ಆ ಚುನಾವಣೆಯಲ್ಲಿ ಜನತಾ ಪಕ್ಷ 95 ಸ್ಥಾನ ಪಡೆದು ಬಹುಮತಕ್ಕೆ ಕೊರತೆ ಅನುಭವಿಸಿದ್ದರಿಂದ, ರಾಮಕೃಷ್ಣ ಹೆಗಡೆ ಅವರ ಸರ್ಕಾರಕ್ಕೆ ಇತರರ ಬೆಂಬಲ ಬೇಕಾಯಿತು. ಸಿದ್ದರಾಮಯ್ಯ ಅವರು ಬೆಂಬಲ ನೀಡಿದರು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು. 1985ರ ಮಧ್ಯಂತರ ಚುನಾವಣೆಯಲ್ಲಿ ಜನತಾ ಪಕ್ಷದಿಂದಲೇ ಸ್ಪರ್ಧಿಸಿ ಗೆದ್ದು ಪಶುಸಂಗೋಪನಾ ಸಚಿವರಾದರು.

[ಪರದೆಯ ಮೇಲೆ: 1989, 1994, 1999, 2004 – ರಾಜ್ಯದ ಫಲಿತಾಂಶ ಮತ್ತು ಚಾಮುಂಡೇಶ್ವರಿಯ ಫಲಿತಾಂಶ ಅಕ್ಕಪಕ್ಕದಲ್ಲಿ]

ಇಲ್ಲಿಂದ ಮುಂದಿನ ನಾಲ್ಕು ಫಲಿತಾಂಶಗಳನ್ನು ಒಟ್ಟಿಗೆ ನೋಡಬೇಕು. 1989ರಲ್ಲಿ ಕಾಂಗ್ರೆಸ್ ರಾಜ್ಯದ 224 ಸ್ಥಾನಗಳಲ್ಲಿ 178ನ್ನು ಗೆದ್ದುಕೊಂಡಾಗ, ಜನತಾ ದಳದಲ್ಲಿದ್ದ ಸಿದ್ದರಾಮಯ್ಯ ಅವರು ಕಾಂಗ್ರೆಸ್‌ನ ಹಿರಿಯ ನಾಯಕ ಎಂ. ರಾಜಶೇಖರಮೂರ್ತಿ ಅವರ ಎದುರು ಸೋತರು. 1994ರಲ್ಲಿ ಜನತಾ ದಳ 115 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂದಾಗ ಅವರೂ ಗೆದ್ದು, ಎಚ್.ಡಿ. ದೇವೇಗೌಡ ಅವರ ಸಂಪುಟದಲ್ಲಿ ಹಣಕಾಸು ಸಚಿವರಾದರು. 1996ರಲ್ಲಿ ಜೆ.ಎಚ್. ಪಟೇಲ್ ಅವರು ಮುಖ್ಯಮಂತ್ರಿಯಾದಾಗ ಉಪಮುಖ್ಯಮಂತ್ರಿಯಾದರು. 1999ರಲ್ಲಿ ದಳ ಒಡೆದು ಜೆಡಿಎಸ್ ಕೇವಲ 10 ಸ್ಥಾನಗಳಿಗೆ ಕುಸಿದಾಗ, ಉಪಮುಖ್ಯಮಂತ್ರಿಯಾಗಿದ್ದವರೇ ಕಾಂಗ್ರೆಸ್‌ನ ಎ.ಎಸ್. ಗುರುಸ್ವಾಮಿ ಅವರಿಗೆ ಸೋತರು. 2004ರಲ್ಲಿ ಜೆಡಿಎಸ್ 58 ಸ್ಥಾನಗಳಿಗೆ ಚೇತರಿಸಿಕೊಂಡಾಗ ಮತ್ತೆ ಗೆದ್ದರು. ಹೀಗೆ ಹಳೆಯ ಚಾಮುಂಡೇಶ್ವರಿಯು ರಾಜ್ಯದಲ್ಲಿ ಗಾಳಿ ಯಾವ ಕಡೆ ಬೀಸಿದರೂ ಅದೇ ಕಡೆಗೆ ತಿರುಗುವ ಕ್ಷೇತ್ರವಾಗಿತ್ತು. ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಅಭ್ಯರ್ಥಿಗೆ ಅಲ್ಲಿ ರಕ್ಷಣೆ ಇರಲಿಲ್ಲ. ಇದರ ನಡುವೆ 1991ರಲ್ಲಿ ಕೊಪ್ಪಳ ಲೋಕಸಭಾ ಕ್ಷೇತ್ರದಿಂದಲೂ ಸ್ಪರ್ಧಿಸಿ ಸೋತಿದ್ದರು.

2006ರ ಡಿಸೆಂಬರ್‌ನಲ್ಲಿ ನಡೆದ ಉಪಚುನಾವಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಧರಂ ಸಿಂಗ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರನ್ನು 2005ರಲ್ಲಿ ಆ ಸ್ಥಾನದಿಂದ ಕೈಬಿಡಲಾಯಿತು. ಅಲ್ಪಸಂಖ್ಯಾತರು, ಹಿಂದುಳಿದವರು ಮತ್ತು ದಲಿತರನ್ನು ಒಂದುಗೂಡಿಸುವ ಅಹಿಂದ ಸಮಾವೇಶಗಳ ಮೂಲಕ ಅವರು ತಮ್ಮದೇ ನೆಲೆ ಕಟ್ಟಿಕೊಳ್ಳುತ್ತಿದ್ದರು, ಕೊನೆಗೆ ಕಾಂಗ್ರೆಸ್ ಸೇರಿದರು. ಜೆಡಿಎಸ್ ಚಿಹ್ನೆಯ ಮೇಲೆ ಗೆದ್ದವರು ಸದಸ್ಯತ್ವ ಉಳಿಸಿಕೊಂಡೇ ಪಕ್ಷ ಬಿಟ್ಟರೆ ಸಂವಿಧಾನದ ಹತ್ತನೇ ಅನುಸೂಚಿಯ ಅನ್ವಯ ಅನರ್ಹತೆಯನ್ನು ಎದುರಿಸಬೇಕಾಗುತ್ತದೆ. ಆದ್ದರಿಂದ ಅವರು ರಾಜೀನಾಮೆ ಕೊಟ್ಟು, ಅದೇ ಕ್ಷೇತ್ರದ ಅದೇ ಮತದಾರರ ಮುಂದೆ ಬೇರೆ ಚಿಹ್ನೆ ಹಿಡಿದು ನಿಂತರು. ರಾಜ್ಯದಲ್ಲಿ ಜೆಡಿಎಸ್ ಮತ್ತು ಬಿಜೆಪಿಯ ಸರ್ಕಾರವಿತ್ತು, ಎಚ್.ಡಿ. ಕುಮಾರಸ್ವಾಮಿ ಅವರು ಮುಖ್ಯಮಂತ್ರಿಯಾಗಿದ್ದರು, ಇಡೀ ಆಡಳಿತ ಪಕ್ಷವೇ ಈ ಕ್ಷೇತ್ರದಲ್ಲಿ ಬೀಡುಬಿಟ್ಟಿತ್ತು. ಎಣಿಕೆ ಮುಗಿದಾಗ ಸಿದ್ದರಾಮಯ್ಯ ಅವರು 257 ಮತಗಳಿಂದ ಗೆದ್ದಿದ್ದರು. ಒಂದು ಮತಗಟ್ಟೆಯಲ್ಲಿ ಸಾಮಾನ್ಯವಾಗಿ ಸಾವಿರದಷ್ಟು ಮತದಾರರು ಇರುತ್ತಾರೆ. ಹಾಗಾಗಿ ಒಂದೇ ಒಂದು ಮತಗಟ್ಟೆಯ ಒಲವು ಬದಲಾಗಿದ್ದರೂ ಫಲಿತಾಂಶ ತಲೆಕೆಳಗಾಗುತ್ತಿತ್ತು. ಆ ದಿನ ಸೋತಿದ್ದರೆ ಹೊಸ ಪಕ್ಷದಲ್ಲಿ ಅವರಿಗೆ ಯಾವ ಸ್ಥಾನ ಸಿಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

[ಪರದೆಯ ಮೇಲೆ: ಹಳೆಯ ಚಾಮುಂಡೇಶ್ವರಿಯ ಗಡಿಯ ಮೇಲೆ 2008ರ ಹೊಸ ಗಡಿ]

ಎರಡು ವರ್ಷ ತುಂಬುವ ಮೊದಲೇ ನಕ್ಷೆ ಬದಲಾಯಿತು. 2001ರ ಜನಗಣತಿಯನ್ನು ಆಧರಿಸಿದ ಕ್ಷೇತ್ರ ಪುನರ್ವಿಂಗಡಣೆ ಜಾರಿಗೆ ಬಂದ ಮೇಲೆ ಅದರ ಪ್ರಕಾರ ವಿಧಾನಸಭಾ ಚುನಾವಣೆ ನಡೆದ ಮೊದಲ ರಾಜ್ಯ ಕರ್ನಾಟಕ. ಹೊಸದಾಗಿ ರಚನೆಯಾದ ವರುಣಾ ಕ್ಷೇತ್ರಕ್ಕೆ ಮೈಸೂರು, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಭಾಗಗಳು ಸೇರಿದವು. ಸಿದ್ದರಾಮಯ್ಯ ಅವರ ಹುಟ್ಟೂರು ಸಿದ್ದರಾಮನಹುಂಡಿಯೂ ಅದರೊಳಗೆ ಬಂದಿತು. ಅವರು ತಮ್ಮ ಹಳ್ಳಿಗಳ ಹಿಂದೆಯೇ ಹೊಸ ಕ್ಷೇತ್ರಕ್ಕೆ ಹೋದರು ಎನ್ನಬಹುದು. 2008ರಲ್ಲಿ ಅಲ್ಲಿ 18 ಸಾವಿರಕ್ಕೂ ಹೆಚ್ಚು, 2013ರಲ್ಲಿ 29 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಗಮನಿಸಬೇಕಾದ ಸಂಗತಿಯೆಂದರೆ 2008ರಲ್ಲಿ ರಾಜ್ಯದಲ್ಲಿ ಅಧಿಕಾರ ಹಿಡಿದದ್ದು ಬಿಜೆಪಿ. ರಾಜ್ಯದ ಗಾಳಿಗೆ ವಿರುದ್ಧವಾಗಿ ನಿರಾಳವಾಗಿ ಗೆಲ್ಲುವ ಕ್ಷೇತ್ರ ಅವರಿಗೆ ಸಿಕ್ಕಿತ್ತು. 2013ರಲ್ಲಿ ಕಾಂಗ್ರೆಸ್ 122 ಸ್ಥಾನ ಗಳಿಸಿತು, ಶಾಸಕಾಂಗ ಪಕ್ಷದ ಗುಪ್ತ ಮತದಾನದ ನಂತರ ಅವರು ಮುಖ್ಯಮಂತ್ರಿಯಾಗಿ ಪೂರ್ಣ ಐದು ವರ್ಷ ಆಡಳಿತ ನಡೆಸಿದರು.

ಹಾಗಿದ್ದರೆ 2018ರಲ್ಲಿ ಅವರು ಚಾಮುಂಡೇಶ್ವರಿಗೆ ಏಕೆ ಹಿಂತಿರುಗಿದರು? ವರುಣಾವನ್ನು ಮಗ ಡಾ. ಯತೀಂದ್ರ ಅವರಿಗೆ ಬಿಟ್ಟುಕೊಟ್ಟದ್ದು ಕಣ್ಣಿಗೆ ಕಾಣುವ ಕಾರಣ. ರಾಜಕೀಯ ಜೀವನ ಕೊಟ್ಟ ಕ್ಷೇತ್ರದಿಂದಲೇ ಸ್ಪರ್ಧಿಸುವ ಭಾವನೆಯೂ ಇದ್ದಿರಬಹುದು. ಆದರೆ ಅವರು ಬಿಟ್ಟುಹೋದ ಚಾಮುಂಡೇಶ್ವರಿ ಅಲ್ಲಿ ಉಳಿದಿರಲಿಲ್ಲ. ಅವರ ಗಟ್ಟಿ ನೆಲೆಯಾಗಿದ್ದ ಹಳ್ಳಿಗಳು ವರುಣಾಕ್ಕೆ ಸೇರಿಹೋಗಿದ್ದವು, ಉಳಿದ ಭಾಗದಲ್ಲಿ ಜೆಡಿಎಸ್‌ನ ಜಿ.ಟಿ. ದೇವೇಗೌಡ ಅವರು 2013ರಿಂದ ಶಾಸಕರಾಗಿದ್ದರು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಸೋಲಿನ ವಿಶ್ಲೇಷಣೆಯಲ್ಲಿ ಇಂಥ ಜಾತಿಯ ಇಷ್ಟು ಸಾವಿರ ಮತಗಳು ಎಂಬ ಪಟ್ಟಿಗಳು ಹರಿದಾಡುತ್ತವೆ. ಅವು ಪಕ್ಷಗಳ ಅಂದಾಜುಗಳೇ ಹೊರತು ಚುನಾವಣಾ ಆಯೋಗ ಪ್ರಕಟಿಸುವ ಅಂಕಿಗಳಲ್ಲ, ಆದ್ದರಿಂದ ನಾವು ಅವನ್ನು ಇಲ್ಲಿ ಬಳಸುತ್ತಿಲ್ಲ. ಅಧಿಕೃತ ಅಂಕಿಯೇ ಸಾಕಷ್ಟು ಹೇಳುತ್ತದೆ: ಅಧಿಕಾರದಲ್ಲಿದ್ದ ಮುಖ್ಯಮಂತ್ರಿ 36,042 ಮತಗಳಿಂದ ಸೋತರು.

ಅದೇ ದಿನ ಅವರ ಹೆಸರು ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಮತಯಂತ್ರದಲ್ಲಿಯೂ ಇತ್ತು. ಒಬ್ಬ ಅಭ್ಯರ್ಥಿ ಒಂದು ಸಾರ್ವತ್ರಿಕ ಚುನಾವಣೆಯಲ್ಲಿ ಎರಡು ಕ್ಷೇತ್ರಗಳವರೆಗೆ ಸ್ಪರ್ಧಿಸಲು ಜನಪ್ರಾತಿನಿಧ್ಯ ಕಾಯ್ದೆಯಲ್ಲಿ ಅವಕಾಶವಿದೆ. 1996ರ ತಿದ್ದುಪಡಿಗೆ ಮೊದಲು ಈ ಮಿತಿಯೂ ಇರಲಿಲ್ಲ. ಬಾದಾಮಿಯಲ್ಲಿ ಬಿಜೆಪಿಯಿಂದ ಎದುರಾದ ಬಿ. ಶ್ರೀರಾಮುಲು ಅವರೂ ಮೊಳಕಾಲ್ಮೂರಿನಲ್ಲಿ ಇನ್ನೊಂದು ನಾಮಪತ್ರ ಸಲ್ಲಿಸಿದ್ದರು. ಸಿದ್ದರಾಮಯ್ಯ ಅವರು 67,599 ಮತ ಪಡೆದು 1,696 ಮತಗಳ ಅಂತರದಿಂದ ಗೆದ್ದರು. ಮೂರನೇ ಸ್ಥಾನದಲ್ಲಿದ್ದ ಜೆಡಿಎಸ್ ಅಭ್ಯರ್ಥಿಗೆ ಬಂದ ಮತಗಳು ಈ ಅಂತರದ ಹತ್ತು ಪಟ್ಟಿಗೂ ಹೆಚ್ಚಿದ್ದವು. ಮೈಸೂರಿನಿಂದ ಅಷ್ಟು ದೂರದ ಊರಿನ ಮತದಾರರು ಉಳಿಸಿಕೊಟ್ಟ ಈ ಸದಸ್ಯತ್ವದಿಂದಲೇ ಅವರು ಮುಂದೆ ಸದನದಲ್ಲಿ ವಿರೋಧ ಪಕ್ಷದ ನಾಯಕರಾಗಲು ಸಾಧ್ಯವಾಯಿತು.

2023ರ ಹೊತ್ತಿಗೆ ಅವರು ಕೋಲಾರದಿಂದ ಸ್ಪರ್ಧಿಸುವುದಾಗಿ ಮೊದಲು ಪ್ರಕಟಿಸಿದರು, ಬಳಿಕ ವರುಣಾಕ್ಕೇ ಮರಳಿದರು. ಬಿಜೆಪಿಯು ಸಚಿವರಾಗಿದ್ದ ವಿ. ಸೋಮಣ್ಣ ಅವರನ್ನು ಬೆಂಗಳೂರಿನಿಂದ ಕರೆತಂದು ನಿಲ್ಲಿಸಿತು. ಫಲಿತಾಂಶದಲ್ಲಿ 46,163 ಮತಗಳ ಅಂತರ ಬಂದಿತು. ಕಾಂಗ್ರೆಸ್ 135 ಸ್ಥಾನ ಗೆದ್ದಿತು, ಮೇ 20ರಂದು ಅವರು ಎರಡನೇ ಬಾರಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

[ಪರದೆಯ ಮೇಲೆ: ಫಾರಂ 20ರ ಮಾದರಿ ಪುಟ]

ನಿಮ್ಮ ಕ್ಷೇತ್ರದ ಶಾಸಕರ ಚುನಾವಣೆಗಳನ್ನೂ ಹೀಗೆ ಓದಲು ಬಯಸುವವರು ಫಾರಂ 20 ಎಂಬ ದಾಖಲೆಯಿಂದ ಆರಂಭಿಸಿ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಂದಿದೆ ಎಂಬ ವಿವರ ಅದರಲ್ಲಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಅದನ್ನು ಹುಡುಕಿ, 2008ಕ್ಕೆ ಹಿಂದಿನ ಮತ್ತು ಮುಂದಿನ ಫಲಿತಾಂಶಗಳನ್ನು ಹೋಲಿಸುವ ಮೊದಲು ನಿಮ್ಮ ಹೋಬಳಿ ಆಗ ಯಾವ ಕ್ಷೇತ್ರದಲ್ಲಿತ್ತು ಎಂಬುದನ್ನು ಖಚಿತಪಡಿಸಿಕೊಳ್ಳಿ.