ಗಾಡಿ ಬಾಗಿಲಿಗೆ ಬಂದರೆ ಆರುನೂರು

(ಕಲಬುರಗಿಯಲ್ಲಿ ಗಣಿತ ಶಿಕ್ಷಕರ ಮುಂದೆ ಆಡಿದ ಮಾತು)

ಎಲ್ಲರಿಗೂ ಶರಣು. ಊಟಕ್ಕೆ ಮುಂಚಿನ ಸಮಯ ನನಗೆ ಕೊಟ್ಟಿದ್ದಾರೆ. ಒಗ್ಗರಣೆ ವಾಸನೆ ಆಗಲೇ ಬರುತ್ತಿದೆ. ಪೀಠಿಕೆ ಬೇಡ.

ನನ್ನ ತಕರಾರು ಒಂದೇ. ಸರಳರೇಖೆಯ ಸಮೀಕರಣ ಕೊಟ್ಟು ನಕ್ಷೆ ಎಳೆಯಿರಿ ಅಂದ ಕೂಡಲೇ ಮಕ್ಕಳು ಕೋಷ್ಟಕ ಹಾಕುತ್ತಾರೆ. ಎಕ್ಸ್‌ಗೆ ಸೊನ್ನೆ, ಒಂದು, ಎರಡು. ಗೆರೆ ಸರಿ ಬರುತ್ತದೆ, ಅಂಕವೂ ಬರುತ್ತದೆ. ಸಮೀಕರಣದ ಮುಖ ಮಾತ್ರ ನೋಡಿರುವುದಿಲ್ಲ. ವೈ = ಎಂಎಕ್ಸ್ + ಸಿ. ಎಲ್ಲಿಂದ ಹೊರಡಬೇಕು ಅಂತ ಸಿ ಹೇಳುತ್ತದೆ, ಹೇಗೆ ನಡೆಯಬೇಕು ಅಂತ ಎಂ ಹೇಳುತ್ತದೆ.

ನಮ್ಮ ಮನೆಯ ಕಥೆ ಕೇಳಿ. ತೊಗರಿ ರಾಶಿ ಮುಗಿದಿತ್ತು. ಎಪಿಎಂಸಿಗೆ ಟೆಂಪೊ ಬಾಡಿಗೆ 600 ರೂಪಾಯಿ, ಮೇಲೆ ಚೀಲಕ್ಕೆ 40 ಹಮಾಲಿ. ಅಣ್ಣನ ಮಗ ಜಾಣ. ಗ್ರಾಫ್ ಹಾಳೆ ತೆಗೆದು ಮೂಲಬಿಂದುವಿನಿಂದಲೇ ಗೆರೆ ಎಳೆದ. ಅಪ್ಪನಿಗೆ ಓದು ಬರಹ ಬರದು. ಎಲೆಗೆ ಸುಣ್ಣ ಹಚ್ಚುತ್ತಾ ಬಗ್ಗಿ ನೋಡಿದರು.

‘ಈ ಮೂಲ್ಯಾಗ ಏನದ?’

‘ಸೊನ್ನೆ, ಮುತ್ಯಾ. ಚೀಲ ಇಲ್ಲಂದ್ರ ರೊಕ್ಕ ಇಲ್ಲ.’

‘ಗಾಡಿ ಬಾಗಿಲಿಗಿ ಬಂದು ನಿಂತಿತಂದ್ರ ಆರನೂರು ಹೋದಂಗ, ಮಗಾ. ಚೀಲ ಹಾಕು, ಬಿಡು.’

ಹುಡುಗ ವೈ ಅಕ್ಷದ ಮೇಲೆ 600 ಎಲ್ಲಿದೆ ಅಂತ ತೋರಿಸಿದ. ಅಪ್ಪ ಅಲ್ಲಿ ಬೆರಳೂರಿದರು. ‘ಇಲ್ಲಿಂದ ಹೊಂಡು.’ ಬೆರಳು ತೆಗೆದರೆ ಹಾಳೆಯ ಮೇಲೆ ಸುಣ್ಣದ ಬೊಟ್ಟು! ಅದೇ ಸಿ. ಚೀಲಕ್ಕೆ 40, ಅದು ಎಂ. ಹತ್ತು ಚೀಲ ಬಲಕ್ಕೆ ಹೋದರೆ 400 ಮೇಲೆ, ಅಂದರೆ 1000. ಎರಡು ಚುಕ್ಕೆ ಸೇರಿಸಿದರೆ ಮುಗಿಯಿತು. ಆ ಹಾಳೆ ನನ್ನ ಹತ್ತಿರ ಈಗಲೂ ಇದೆ.

‘ಕೋಷ್ಟಕ ಹಾಕಿದರೂ 600 ಬರುತ್ತಿತ್ತಲ್ಲ ಸರ್’ ಅಂತೀರಿ. ಬರುತ್ತದೆ. ಹಾಗಾದರೆ ವೈ = 2/3 ಎಕ್ಸ್ + 1 ಕೊಟ್ಟು ನೋಡಿ. ಎಕ್ಸ್ ಒಂದು ಅಂದರೆ ವೈ 5/3. ಅದನ್ನು ಹಾಳೆಯಲ್ಲಿ ಎಲ್ಲಿ ಗುರುತಿಸುತ್ತೀರಿ? ಸುಮ್ನೆ ವೈ ಅಕ್ಷದಲ್ಲಿ 1ರ ಮೇಲೆ ಸುಣ್ಣ ಹಚ್ಚಿ. ಬಲಕ್ಕೆ ಮೂರು ಮನೆ, ಮೇಲಕ್ಕೆ ಎರಡು. (3, 3). ಇನ್ನೊಮ್ಮೆ ಹಾಗೇ ನಡೆದರೆ (6, 5). ಭಿನ್ನರಾಶಿಯ ಕಾಟವೇ ಇಲ್ಲ. ಮಕ್ಕಳು ಬಲಕ್ಕೆ ಎರಡು, ಮೇಲಕ್ಕೆ ಮೂರು ಹೋಗಿಬಿಡುತ್ತಾರೆ, ಅಷ್ಟು ನೋಡಿಕೊಳ್ಳಿ. ಕೆಳಗಿನ ಅಂಕಿ ಬಲಕ್ಕೆ.

ಇನ್ನು ಎಂಗೆ ನಾವು ಹೇಳುವ ‘ಇಳಿಜಾರು’ ಅನ್ನುವ ಮಾತು. ಗೆರೆ ಏರುತ್ತಿದ್ದರೂ ಇಳಿಜಾರು ಅಂತೀವಿ. ಮಕ್ಕಳು ತಬ್ಬಿಬ್ಬಾಗದೆ ಇನ್ನೇನಾಗುತ್ತಾರೆ? ಬೀದರಿನ ಕರೇಜ್, ನೆಲದಡಿಯ ನೀರಿನ ಸುರಂಗ, ನೋಡಿದ್ದೀರಲ್ವಾ? ಆ ಸುರಂಗದಲ್ಲಿ ಇಳಿಜಾರು ಸೊನ್ನೆಯಾದರೆ ನೀರು ನಿಲ್ಲುತ್ತದೆ, ಜಾಸ್ತಿಯಾದರೆ ನೆಲ ಕೊರೆಯುತ್ತದೆ. ಎಂ ಎಷ್ಟಿರಬೇಕು ಅಂತ ಬಹಮನಿ ಕಾಲದಲ್ಲೇ ತಲೆ ಕೆಡಿಸಿಕೊಂಡಿದ್ದರು.

ಚೀಟಿ ಬಂತು, ಎರಡೇ ನಿಮಿಷ. ಮಳಖೇಡದ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರ ಬಗ್ಗೆ, 1637ರಲ್ಲಿ ರೇಖಾಗಣಿತವನ್ನು ಬೀಜಗಣಿತಕ್ಕೆ ಬೆಸೆದ ದೆಕಾರ್ತನ ಬಗ್ಗೆ ಮೂರು ಪುಟ ಬರೆದು ತಂದಿದ್ದೆ. ಹೋಗಲಿ. ಎಂ ಋಣ ಆದರೆ? ಡ್ರಮ್ಮಿನಲ್ಲಿ 120 ಲೀಟರ್ ನೀರು, ದಿನಕ್ಕೆ 20 ಖರ್ಚು. 120ರಲ್ಲಿ ಸುಣ್ಣ, ಬಲಕ್ಕೆ ಒಂದು ದಿನ, ಕೆಳಕ್ಕೆ ಇಪ್ಪತ್ತು. ಆರನೇ ದಿನಕ್ಕೆ ಡ್ರಮ್ಮು ಖಾಲಿ. 2ಎಕ್ಸ್ + 3ವೈ = 6 ಬಂದರೆ ಮೊದಲು ವೈ ಒಂದನ್ನೇ ಎಡಕ್ಕೆ ತನ್ನಿ, ಆಮೇಲೆ ಸುಣ್ಣ.

ಹಿಂದಿನಿಂದ ಮೇಡಂ ಕೇಳುತ್ತಿದ್ದಾರೆ, ಎಕ್ಸ್ = 4 ಕೊಟ್ಟರೆ? ಸಿಕ್ಕಿಸಿಬಿಟ್ರಿ. ಅದು ಕಂಬದ ಹಾಗೆ ನೆಟ್ಟಗೆ ನಿಲ್ಲುವ ಗೆರೆ. ಬಲಕ್ಕೆ ಹೆಜ್ಜೆಯೇ ಇಲ್ಲ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ವೈ ಅಕ್ಷವನ್ನೂ ಅದು ಮುಟ್ಟುವುದಿಲ್ಲ. ಎಂ ಇಲ್ಲ, ಸಿ ಇಲ್ಲ. ಅಲ್ಲಿಗೆ ನಮ್ಮ ಅಪ್ಪನ ಗಾಡಿ ಹೋಗುವುದಿಲ್ಲ ಮೇಡಂ. ಏಳಿ, ಊಟಕ್ಕೆ.