ಎರಡೂವರೆ ಸ್ಟಾರ್‌ಗಳ ವಾರಾಂತ್ಯ

ಎಲ್ಲರಿಗೂ ನಮಸ್ಕಾರ. ಸಾಧಾರಣ ಚಿತ್ರಗಳ ಬಗ್ಗೆ ವಿಮರ್ಶಕರು ಹೇಗೆ ಬರೆಯುತ್ತಾರೆ ಎಂಬುದನ್ನು ಗಮನಿಸಲು 2024ರ ಸ್ವಾತಂತ್ರ್ಯ ದಿನಾಚರಣೆಯ ವಾರಾಂತ್ಯ ಒಂದೇ ಸಾಕು. ಆಗಸ್ಟ್ 15 ಗುರುವಾರ, ಮರುದಿನ ವರಮಹಾಲಕ್ಷ್ಮಿ ಹಬ್ಬ, ಆಮೇಲೆ ಶನಿವಾರ, ಭಾನುವಾರ. ಆ ದಿನಾಂಕವನ್ನು ಮೊದಲೇ ಹಿಡಿದಿಟ್ಟುಕೊಂಡಿದ್ದ ‘ಪುಷ್ಪ 2’ ಡಿಸೆಂಬರ್‌ಗೆ ಸರಿದದ್ದರಿಂದ ತೆರವಾದ ಜಾಗಕ್ಕೆ ಎಲ್ಲ ಭಾಷೆಯ ನಿರ್ಮಾಪಕರೂ ಮುಗಿಬಿದ್ದರು. ಕನ್ನಡದಲ್ಲಿ ಗಣೇಶ್ ನಟನೆಯ ‘ಕೃಷ್ಣಂ ಪ್ರಣಯ ಸಖಿ’ ಮತ್ತು ಇಂದ್ರಜಿತ್ ಲಂಕೇಶ್ ತಮ್ಮ ಮಗ ಸಮರ್ಜಿತ್ ಅವರನ್ನು ನಾಯಕನಾಗಿ ಪರಿಚಯಿಸಿದ ‘ಗೌರಿ’ ಬಂದವು. ತಮಿಳಿನಿಂದ ‘ತಂಗಲಾನ್’, ತೆಲುಗಿನಿಂದ ‘ಡಬಲ್ ಇಸ್ಮಾರ್ಟ್’ ಮತ್ತು ‘ಮಿಸ್ಟರ್ ಬಚ್ಚನ್’, ಹಿಂದಿಯಿಂದ ‘ಸ್ತ್ರೀ 2’, ‘ವೇದಾ’, ‘ಖೇಲ್ ಖೇಲ್ ಮೇ’ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಿಗೆ ಒಟ್ಟಿಗೇ ನುಗ್ಗಿದವು. ಹಿಂದಿನ ವಾರ ತೆರೆಕಂಡಿದ್ದ ದುನಿಯಾ ವಿಜಯ್ ಅವರ ‘ಭೀಮ’ ಇನ್ನೂ ಓಡುತ್ತಲೇ ಇತ್ತು.

‘ಸ್ತ್ರೀ 2’ ಚಿತ್ರವನ್ನು ಬದಿಗಿಟ್ಟರೆ, ಉಳಿದ ಬಹುತೇಕ ಚಿತ್ರಗಳಿಗೆ ವಿಮರ್ಶಕರು ಐದಕ್ಕೆ ಕೊಟ್ಟ ಸ್ಟಾರ್‌ಗಳು ಎರಡರಿಂದ ಮೂರರ ಆಸುಪಾಸಿನಲ್ಲೇ ತೂಗಾಡಿದವು. ಪತ್ರಿಕೆಗಳು ಇದನ್ನು ಮಿಶ್ರ ಪ್ರತಿಕ್ರಿಯೆ ಎಂದು ಬರೆದು ಮುಂದೆ ಸಾಗಿದವು. ಆದರೆ ಆ ವಿಮರ್ಶೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ಒಂದೇ ಅಂಕಿಯ ಕೆಳಗೆ ಎರಡು ಬೇರೆಬೇರೆ ಸಂಗತಿಗಳು ಅಡಗಿರುವುದು ಕಾಣುತ್ತದೆ.

‘ಕೃಷ್ಣಂ ಪ್ರಣಯ ಸಖಿ’ಯನ್ನೇ ತೆಗೆದುಕೊಳ್ಳಿ. ‘ದಂಡುಪಾಳ್ಯ’ದಂಥ ರಕ್ತಸಿಕ್ತ ಚಿತ್ರ ಮಾಡಿದ್ದ ಶ್ರೀನಿವಾಸ ರಾಜು ಇಲ್ಲಿ ತುಂಬು ಕುಟುಂಬ, ಪ್ರೇಮ, ಹಾಸ್ಯಗಳ ಕಡೆಗೆ ಹೊರಳಿದ್ದರು. ಅರ್ಜುನ್ ಜನ್ಯ ಅವರ ‘ದ್ವಾಪರ’ ಹಾಡು ಆಗಲೇ ಜನರ ಬಾಯಲ್ಲಿತ್ತು. ಹಾಡುಗಳು ಚೆನ್ನಾಗಿವೆ, ಗಣೇಶ್ ತಮಗೆ ಒಗ್ಗಿದ ಪಾತ್ರದಲ್ಲಿ ಹಾಯಾಗಿದ್ದಾರೆ, ಕಥೆ ಹಳೆಯದು, ಚಿತ್ರ ಉದ್ದವಾಯಿತು: ಮೆಚ್ಚಿದವರೂ ಮೆಚ್ಚದವರೂ ಸರಿಸುಮಾರು ಇಷ್ಟನ್ನೇ ಹೇಳಿದರು. ಅಂದರೆ ಚಿತ್ರ ಏನು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಹಾಡಿಗೆ ಎಷ್ಟು ತೂಕ, ಕಥೆಗೆ ಎಷ್ಟು ತೂಕ ಎಂಬ ಲೆಕ್ಕದಲ್ಲಿ ಮಾತ್ರ ಅರ್ಧ ಸ್ಟಾರ್ ಅತ್ತಿತ್ತ ಆಯಿತು. ಹಬ್ಬ ಮುಗಿಸಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಲು ಏನಾದರೂ ಬೇಕು ಎಂದುಕೊಂಡವರಿಗೆ ಈ ವಿಮರ್ಶೆಗಳ ಮೊದಲ ಎರಡು ಸಾಲು ಸಾಕಾಗಿತ್ತು. ಚಿತ್ರ ವಾರಗಟ್ಟಲೆ ಓಡಿತು. ವಿಮರ್ಶಕರು ಸೋತರು, ಪ್ರೇಕ್ಷಕರು ಗೆದ್ದರು ಎಂದು ಇದನ್ನು ಬಣ್ಣಿಸುವವರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇಬ್ಬರೂ ಕಂಡದ್ದು ಒಂದೇ ಚಿತ್ರವನ್ನು.

‘ತಂಗಲಾನ್’ ವಿಷಯ ಹಾಗಲ್ಲ. ಪಾ. ರಂಜಿತ್ ಬ್ರಿಟಿಷರ ಕಾಲದ ಕೋಲಾರದ ಚಿನ್ನದ ಸೀಮೆಗೆ ಹೋಗಿ, ಆ ನೆಲವನ್ನು ಮೊದಲು ಅಗೆದವರು ಯಾರು, ಅದು ಯಾರಿಗೆ ಸೇರಬೇಕಾಗಿತ್ತು ಎಂಬ ಪ್ರಶ್ನೆಯನ್ನು ಪುರಾಣದಂಥ ಕಥೆಯಲ್ಲಿ ಕಟ್ಟಿದ್ದರು. ಕೆಲವರಿಗೆ ಅದು ದಲಿತ ಚರಿತ್ರೆಯನ್ನು ಬೃಹತ್ ಪರದೆಯ ಮೇಲೆ ಹೊಸದಾಗಿ ಬರೆಯುವ ಸಾಹಸವಾಗಿ ಕಂಡಿತು. ಇನ್ನು ಕೆಲವರಿಗೆ ಕನಸು ಯಾವುದು, ನಡೆದದ್ದು ಯಾವುದು ಎಂದು ತಿಳಿಯದ ಗೊಂದಲವಾಗಿ ಕಂಡಿತು. ವಿಕ್ರಮ್ ಅವರ ನಟನೆಯೊಂದನ್ನು ಬಿಟ್ಟರೆ ಒಪ್ಪಂದ ಕಡಿಮೆ. ಇದು ನಿಜವಾದ ಭಿನ್ನಮತ, ಮತ್ತು ಇಂಥ ಚಿತ್ರವನ್ನು ಹೋಗಿ ನೋಡಿ ಸ್ವತಃ ತೀರ್ಮಾನಿಸಬೇಕು. ಅದರಲ್ಲೂ ಕೋಲಾರದ ಗಣಿ ಎಂದೊಡನೆ ‘ಕೆಜಿಎಫ್’ನ ರಾಕಿಯನ್ನಷ್ಟೇ ನೆನೆಯುವ ನಾವು ನೋಡಲೇಬೇಕಿತ್ತು. ಸರಾಸರಿ ತೆಗೆದಾಗ ಈ ಜಗಳವೂ ಆ ಉಗುರುಬೆಚ್ಚನೆಯ ಒಪ್ಪಿಗೆಯೂ ಒಂದೇ ಎರಡೂವರೆ ಸ್ಟಾರ್ ಆಗಿಬಿಡುತ್ತವೆ.

ತೆಲುಗಿನ ಎರಡು ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ‘ಇಸ್ಮಾರ್ಟ್ ಶಂಕರ್’ನ ಮುಂದುವರಿಕೆ, ಇನ್ನೊಂದು ಹಿಂದಿಯ ‘ರೇಡ್’ನ ರೀಮೇಕ್, ಎರಡನ್ನೂ ವಿಮರ್ಶಕರೂ ಪ್ರೇಕ್ಷಕರೂ ಸೇರಿಯೇ ಕೈಬಿಟ್ಟರು.

ನನ್ನ ನಿಜವಾದ ಆಕ್ಷೇಪ ಇರುವುದು ನಮ್ಮ ಮನೆಯೊಳಗಿನ ದಾಕ್ಷಿಣ್ಯದ ಬಗ್ಗೆ. ಆ ವರ್ಷದ ಮೊದಲರ್ಧದಲ್ಲಿ ಕನ್ನಡ ಚಿತ್ರರಂಗ ಗೆಲುವಿಲ್ಲದೆ ಸೊರಗಿತ್ತು, ಜನ ಚಿತ್ರಮಂದಿರಕ್ಕೆ ಬರುತ್ತಿಲ್ಲ ಎಂಬ ಅಳಲು ಗಾಂಧಿನಗರದಲ್ಲೆಲ್ಲ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಹೊಸ ನಾಯಕನೊಬ್ಬ ಬಂದರೆ ಅವನ ಕುಣಿತ, ಹೊಡೆದಾಟ, ಮೈಕಟ್ಟುಗಳಿಗೆ ಒಂದೊಂದು ಪ್ಯಾರಾ ಮೀಸಲಿಟ್ಟು, ಚಿತ್ರಕಥೆಯ ದೋಷವನ್ನು ‘ಇನ್ನಷ್ಟು ಬಿಗಿಯಾಗಬಹುದಿತ್ತು’ ಎಂಬ ಒಂದು ಸಾಲಿನಲ್ಲಿ ಮುಗಿಸುವುದು ನಮ್ಮಲ್ಲಿ ರೂಢಿಯೇ ಆಗಿದೆ. ವಿಚಿತ್ರವೆಂದರೆ, ಅದೇ ಶುಕ್ರವಾರ, ಆಗಸ್ಟ್ 16ರಂದು, 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾಗಿ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಶ್ರೇಷ್ಠ ನಟರಾದರು. ಕನ್ನಡಕ್ಕೆ ದೇಶ ಮೆಚ್ಚುವ ಶಕ್ತಿ ಇದೆ ಎಂದು ಒಂದು ಪುಟದಲ್ಲಿ ಸಂಭ್ರಮಿಸಿ, ಇನ್ನೊಂದು ಪುಟದಲ್ಲಿ ಕನಿಕರಕ್ಕೆ ಅರ್ಧ ಸ್ಟಾರ್ ಕೂಡಿಸುವುದು ಹೇಗೆ ಹೊಂದುತ್ತದೆ?

ಈ ಅರ್ಧ ಸ್ಟಾರ್‌ನ ಬೆಲೆ ತೆರುವವರು ತಾರಾ ಕುಟುಂಬದವರಲ್ಲ. ಮೂರು ಎಂದರೆ ಎರಡು ಎಂದು ಓದುಗರು ಕಳೆದು ಓದುವುದನ್ನು ಕಲಿತ ಮೇಲೆ, ಹೆಸರಿಲ್ಲದ ತಂಡವೊಂದು ಕಷ್ಟಪಟ್ಟು ಮಾಡಿದ ಒಳ್ಳೆಯ ಚಿತ್ರಕ್ಕೆ ಪ್ರಾಮಾಣಿಕವಾಗಿ ಮೂರೂವರೆ ಕೊಟ್ಟರೂ ಅದನ್ನು ನಂಬಿ ಮೊದಲ ವಾರವೇ ಟಿಕೆಟ್ ಕೊಳ್ಳುವವರು ಸಿಗುವುದಿಲ್ಲ, ಮತ್ತು ಅಂಥ ಚಿತ್ರಕ್ಕೆ ಎರಡನೆಯ ವಾರ ಪ್ರದರ್ಶನವೇ ಉಳಿದಿರುವುದಿಲ್ಲ.