ಹಳ್ಳದ ದಂಡೆಯಲ್ಲಿ ಗಳಿಸುವ ಕ್ರೆಡಿಟ್

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಪದವಿ ಓದುವ ಮಕ್ಕಳಿದ್ದರೆ ‘ಇವಿಎಸ್’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಬಿ.ಎ. ಇರಲಿ, ಬಿ.ಕಾಂ. ಇರಲಿ, ಪರಿಸರ ಅಧ್ಯಯನ ಕಡ್ಡಾಯ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ತೀರ್ಪಿನ ಫಲ ಇದು. ಅದರಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ರೂಪಿಸಿದ ಆರು ತಿಂಗಳ ಪಠ್ಯಕ್ರಮ 100 ಅಂಕಗಳಲ್ಲಿ 25ನ್ನು ಕ್ಷೇತ್ರಕಾರ್ಯಕ್ಕೇ ಮೀಸಲಿಟ್ಟಿತು. ಹೊಳೆ, ಕಾಡು, ಹುಲ್ಲುಗಾವಲು, ಗುಡ್ಡ, ಇವುಗಳಲ್ಲಿ ಒಂದಕ್ಕೆ ಹೋಗಿ ಕಂಡದ್ದನ್ನು ದಾಖಲಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು.

ಆಗುತ್ತಿರುವುದು ಬೇರೆ. ಹಿಂದಿನ ವರ್ಷದವರ ಪ್ರಾಜೆಕ್ಟಿಗೆ ಹೊಸ ಹೆಸರು ಹಾಕಿ, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ಒಪ್ಪಿಸಿದರೆ ಅಂಕ ಸಿಕ್ಕಿಬಿಡುತ್ತದೆ. ಘಟ್ಟದ ಮಡಿಲಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಘಟ್ಟದ ಬಗ್ಗೆ ಇಂಟರ್ನೆಟ್ ನೋಡಿ ಬರೆಯುವುದನ್ನು ಕಂಡಾಗ ಮೇಷ್ಟರಾದ ನನಗೆ ಸಂಕಟವಾಗುತ್ತದೆ.

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್ 1965ರಲ್ಲಿ ನೋಲ್ಸ್ ಎಂಬ ಶಾಲೆ ಕಟ್ಟಿದರು. ಅಲ್ಲಿ ವಿದ್ಯಾರ್ಥಿಗಳು ವಾರಗಟ್ಟಲೆ ಬೆಟ್ಟಗಳಲ್ಲಿದ್ದು ಕಲಿತದ್ದಕ್ಕೆ ಕಾಲೇಜಿನ ಕ್ರೆಡಿಟ್ ಪಡೆಯಬಹುದು. ಕ್ರೆಡಿಟ್ ಎಂದರೆ ಪದವಿಗೆ ಬೇಕಾದ ಕಲಿಕೆಯನ್ನು ಲೆಕ್ಕ ಹಾಕುವ ಅಳತೆ. ನಮಗೆ ಅಷ್ಟು ದೊಡ್ಡ ಏರ್ಪಾಟು ಬೇಕಿಲ್ಲ. ಯುಜಿಸಿ 2022ರಲ್ಲಿ ಹೊರಡಿಸಿದ ಪದವಿ ಚೌಕಟ್ಟಿನ ಪ್ರಕಾರ 30 ಗಂಟೆಗಳ ಕ್ಷೇತ್ರಕಾರ್ಯಕ್ಕೆ ಒಂದು ಕ್ರೆಡಿಟ್. ಮೂವತ್ತು ಗಂಟೆ ಎಂದರೆ, ದಿನಕ್ಕೆ ಆರು ಗಂಟೆಯಂತೆ ಐದು ದಿನ.

ಐದು ದಿನದಲ್ಲಿ ಏನು ಕಲಿಯಬಹುದು? ಜೋಗದಿಂದ ಹೊನ್ನಾವರದ ಕಡೆಗೆ ಹೋಗುವ ದಾರಿಯಲ್ಲಿ, ಸಿದ್ದಾಪುರ ತಾಲೂಕಿನ ಕತ್ತಲೆಕಾನು ಎಂಬ ದಟ್ಟ ಕಾಡು ಇದೆ. ಅಲ್ಲಿ ರಾಮಪತ್ರೆಯ ಜಾತಿಯ ಮರಗಳು ಜೌಗಿನಲ್ಲಿ ನಿಂತಿವೆ. ಕೆಸರಿನೊಳಗೆ ಉಸಿರಾಟಕ್ಕೆ ಗಾಳಿ ಸಾಲದು. ಅದಕ್ಕೇ ಬೇರುಗಳು ಮಡಚಿದ ಮಂಡಿಯ ಹಾಗೆ ನೆಲದಿಂದ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುತ್ತವೆ. ಸಿಂಗಳೀಕಗಳ ನೆಲೆಯೂ ಹೌದು; ಅವುಗಳಿಗಾಗಿಯೇ ಈ ಸೀಮೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿದ್ದರು; 2019ರಲ್ಲಿ ಅದನ್ನು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಿದರು.

ಇಂಥ ಕಾನಿನ ಅಂಚಿನಲ್ಲಿ ನಾಲ್ಕು ಗೂಟ ನೆಟ್ಟು, ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ. ಒಳಗಿನ ಒಂದೊಂದು ಮರಕ್ಕೂ ನೆಲದಿಂದ 137 ಸೆಂಟಿಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಹೊಳಗೇರು ಮರದ ಹತ್ತಿರ ಮಾತ್ರ ಜೋಪಾನ, ಅದರ ಸೊನೆ ತಾಗಿದರೆ ಮೈಮೇಲೆ ಬೊಕ್ಕೆ ಏಳುತ್ತದೆ. ಆಮೇಲೆ ಹಳ್ಳಕ್ಕಿಳಿದು ಒಂದು ಕಲ್ಲನ್ನು ಮೆಲ್ಲಗೆ ಮಗುಚಿ. ತಳಕ್ಕೆ ಅಂಟಿಕೊಂಡ ಚಪ್ಪಟೆ ಮರಿಹುಳ, ಹಿಂದೆ ಎಳೆಯಂಥ ಬಾಲಗಳು. ಪಕ್ಕದಲ್ಲೇ ಮರಳಿನ ಕಣಗಳನ್ನು ಅಂಟಿಸಿ ಕೊಳವೆ ಕಟ್ಟಿಕೊಂಡು ಒಳಗೆ ಕೂತ ಇನ್ನೊಂದು ಹುಳ. ಇವುಗಳಲ್ಲಿ ಬಹುಪಾಲಿಗೆ ಕೊಳಕು ನೀರು ಆಗದು. ಇದೇ ಹಳ್ಳ ಊರು ದಾಟಿದ ಮೇಲೆ ಇನ್ನೊಂದು ಕಲ್ಲು ಮಗುಚಿ ನೋಡಿ. ಅಲ್ಲಿ ಅವು ಕಾಣಿಸದೆ ಹೋದರೆ ಊರಿನಿಂದ ನೀರಿಗೆ ಏನೇನು ಸೇರುತ್ತಿದೆ ಎಂದು ಹುಡುಕುವುದೇ ಮರುದಿನದ ಕೆಲಸ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಬೇಕು.

ಅಂಕ ಕೊಡಬೇಕಾದ್ದು ಆ ದಿನದ ನೋಟ್‌ಬುಕ್ಕಿಗೆ. ಕೆಸರಿನ ಕಲೆಯಿರಲಿ, ಕಾಟು ಇರಲಿ, ಮೇಷ್ಟರು ಹಳ್ಳದ ದಂಡೆಯಲ್ಲೇ ಓದಿ ಅಲ್ಲೇ ಸಹಿ ಹಾಕಬೇಕು. ಮನೆಗೆ ಹೋಗಿ ಟೈಪು ಮಾಡಿದ ವರದಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

ಕಾಡಿನ ವಿಷಯ ಬಂದ ಕೂಡಲೇ ಹೆಣ್ಣುಮಕ್ಕಳ ತಂದೆತಾಯಿ ಹಿಂಜರಿಯುತ್ತಾರೆ. ಅವರ ಅಂಜಿಕೆ ಸಹಜ. ಆದರೆ ಐದು ಶನಿವಾರ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ಹಾಗೆ ವೇಳಾಪಟ್ಟಿ ಹಾಕಿದರೆ, ಜೊತೆಗೆ ಉಪನ್ಯಾಸಕಿಯೊಬ್ಬರು ಬಂದರೆ, ಯಾವ ಹುಡುಗಿಯೂ ಹಿಂದುಳಿಯಬೇಕಿಲ್ಲ. ಈ ಏರ್ಪಾಟು ಕಾಲೇಜಿನ ಹೊಣೆ.

ಮಳೆ ನಿಂತು ಉಂಬಳದ, ಅಂದರೆ ಜಿಗಣೆಯ, ಕಾಟ ತಗ್ಗುವ ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆಯ ಕಾಲ. ಅರಣ್ಯ ಇಲಾಖೆಯ ಜಾಗವಾದರೆ ಪ್ರಾಂಶುಪಾಲರ ಪತ್ರ, ವಿದ್ಯಾರ್ಥಿಗಳ ಪಟ್ಟಿ ಎರಡನ್ನೂ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಮುಂಚಿತವಾಗಿ ಕೊಟ್ಟು ಅನುಮತಿ ಪಡೆಯಿರಿ. ಕಾನಿನ ಮಗ್ಗುಲ ಊರಿನ ಹಿರಿಯರೊಬ್ಬರನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ, ಹೊಳಗೇರು ಯಾವುದೆಂದು ಅವರು ದೂರದಿಂದಲೇ ತೋರಿಸುತ್ತಾರೆ. ವಿದ್ಯಾರ್ಥಿಗಳೇ, ಪ್ರಾಜೆಕ್ಟಿನ ವಿಷಯ ಕೊಡುವ ದಿನ ನಿಮ್ಮೂರ ಹಳ್ಳದ ಹೆಸರನ್ನು ನೀವೇ ಮುಂದಾಗಿ ಹೇಳಿ.

ನಮಸ್ಕಾರ.